ಸ್ಕ್ಯಾನ್ ಕೋಣೆಗೆ ಬೀಗ ಇತ್ತು, ಸರಿ. ರಕ್ತ ಅಳೆದವರು ಯಾರು?

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ತಾಲ್ಲೂಕು ಆಸ್ಪತ್ರೆ ಮುಂದೆ ಗಲಾಟೆ ಅಂತ ಫೋನ್ ಬಂತು, ಹೋದೆ. ಹೆರಿಗೆಯಾಗಿ ಒಂದು ಗಂಟೆ ಕಳೆದರೂ ಬಾಣಂತಿಗೆ ರಕ್ತ ನಿಂತಿರಲಿಲ್ಲ. "ಸ್ಕ್ಯಾನ್ ಮಾಡಿ ನೋಡ್ರಿ ಅಂದ್ರೆ ಕೋಣೆಗೆ ಬೀಗ ಅಂತಾರೆ" ಎಂದು ಅವಳ ಅಣ್ಣ ಕೂಗಾಡುತ್ತಿದ್ದ. ಕೊನೆಗೆ 108ರಲ್ಲಿ ಜಿಲ್ಲಾ ಆಸ್ಪತ್ರೆಗೆ ಕಳಿಸಿದರು. ಬದುಕಿದಳು. 'ಸ್ಕ್ಯಾನಿಂಗ್ ಇಲ್ಲದೆ ಬಾಣಂತಿ ಪರದಾಟ' ಅಂತ ನಾನು ಸುದ್ದಿ ಕಳಿಸಿದೆ. ಆ ತಲೆಬರಹ ಅರ್ಧ ಮಾತ್ರ ಸರಿ ಅಂತ ಈಗ ಅನ್ನಿಸುತ್ತಿದೆ.

ಸ್ಕ್ಯಾನ್ ಬೇಡ ಅಂತಲ್ಲ. ಮಾಸು ಚೂರು ಒಳಗೇ ಉಳಿದಿದೆಯೇ, ಸಿಸೇರಿಯನ್ ಆದಮೇಲೆ ಹೊಟ್ಟೆಯೊಳಗೆ ಕಾಣದಂತೆ ರಕ್ತ ತುಂಬುತ್ತಿದೆಯೇ ಎಂಬುದನ್ನು ಅಲ್ಟ್ರಾಸೌಂಡ್ ತೋರಿಸಬಲ್ಲದು. ದೊಡ್ಡ ಆಸ್ಪತ್ರೆಗಳಲ್ಲಿ ಸಿಟಿ ಸ್ಕ್ಯಾನ್ ಮಾಡಿ ಯಾವ ರಕ್ತನಾಳ ಸೋರುತ್ತಿದೆ ಅಂತ ಹುಡುಕುತ್ತಾರೆ, ಆ ನಾಳವನ್ನು ಒಳಗಿಂದಲೇ ಮುಚ್ಚುವುದೂ ಉಂಟು. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಿಂದಾಗಿ ಯಂತ್ರವನ್ನು ಯಾರು, ಎಲ್ಲಿ ಬಳಸಬೇಕು ಎಂಬುದಕ್ಕೆ ಬಿಗಿ ನಿಯಮಗಳಿವೆ. ಇರಲೇಬೇಕು. ಆದರೆ ಹೆರಿಗೆಗೆ ಹಗಲು ರಾತ್ರಿ ಇಲ್ಲ. ರಾತ್ರಿ ಪಾಳಿಯಲ್ಲೂ ಸ್ಕ್ಯಾನ್ ಮಾಡಲು ಅರ್ಹರಾದ ವೈದ್ಯರು ಬೇಕು ಎನ್ನುವ ಆ ಅಣ್ಣನ ಸಿಟ್ಟು ನ್ಯಾಯವೇ.

ನನಗೆ ಇರಿಸುಮುರಿಸಾದದ್ದು ರೆಫರಲ್ ಚೀಟಿ. ಅದರಲ್ಲಿ ಬರೆದದ್ದು ಇಷ್ಟೇ: 'ರಕ್ತಸ್ರಾವ ಜಾಸ್ತಿ'. ಎಷ್ಟು ಜಾಸ್ತಿ? ಯಾರಿಗೂ ಗೊತ್ತಿಲ್ಲ.

ತುಂಬು ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಾಸು ಬಿದ್ದ ಮೇಲೆ ಗರ್ಭಕೋಶ ಗಟ್ಟಿಯಾಗಿ ಬಿಗಿದುಕೊಂಡರೆ ರಕ್ತ ನಿಲ್ಲುತ್ತದೆ, ಸಡಿಲ ಬಿಟ್ಟರೆ ಸುರಿಯುತ್ತದೆ. ಅದು ಬಟ್ಟೆಗೆ, ಹಾಸಿಗೆಗೆ, ನೆಲಕ್ಕೆ ಹೋದರೆ ಕಣ್ಣಂದಾಜು ಕಡಿಮೆಯೇ ಬರುತ್ತದೆ, ಅನುಭವಿ ನರ್ಸಿಗೂ.

ಇದಕ್ಕೆ ಪರಿಹಾರ ನಮ್ಮ ರಾಜ್ಯದಲ್ಲೇ ಬಳಕೆಯಾಗಿತ್ತು. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರ ಜೊತೆ ಸೇರಿ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಳ್ಳಿಗಳ 1,620 ಹೆಂಗಸರ ರಕ್ತಸ್ರಾವವನ್ನು ಅಳತೆಗೆರೆ ಇರುವ ಪ್ಲಾಸ್ಟಿಕ್ ಹಾಳೆಯಿಂದಲೇ ಅಳೆದಿದ್ದರು. ಹಾಳೆಯನ್ನು ಬಾಣಂತಿಯ ಕೆಳಗೆ ಹಾಸುತ್ತಾರೆ, ರಕ್ತ ಅದರ ತುದಿಯ ಚೀಲಕ್ಕೆ ಇಳಿಯುತ್ತದೆ, ಗೆರೆ ನೋಡಿದರಾಯಿತು. ಕರೆಂಟು ಬೇಡ, ರೇಡಿಯಾಲಜಿಸ್ಟ್ ಬೇಡ.

ಮುಂದೆ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ಇಂಥ ಹಾಳೆಯಿಂದ ಅಳೆದು, ಮಿತಿ ದಾಟಿದ ಕೂಡಲೇ ಗರ್ಭಕೋಶ ತಿಕ್ಕುವುದು, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಸಿಡ್, ಸಲೈನ್, ಗಾಯದ ತಪಾಸಣೆ ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದರು. 2023ರಲ್ಲಿ ಬಂದ ಫಲಿತಾಂಶ: ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವ ಆಪರೇಷನ್, ಸಾವು, ಇವೆಲ್ಲ ಸೇರಿ ಶೇ 60ರಷ್ಟು ಕಡಿಮೆ. 500 ಮಿಲಿಲೀಟರ್ ಆಗುವವರೆಗೂ ಕಾಯಬೇಡಿ, 300 ದಾಟಿ ನಾಡಿ ಅಥವಾ ಬಿಪಿ ಏರುಪೇರಾದರೆ ಚಿಕಿತ್ಸೆ ಶುರು ಮಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೇಳಿದೆ.

ಇದೆಲ್ಲ ಸ್ಕ್ಯಾನ್ ಕೋಣೆಯ ಬೀಗ ತೆಗೆಯುವ ಮೊದಲೇ ಆಗಬೇಕಾದ ಕೆಲಸ. ಹಾಗಾಗಿ ಮಗಳನ್ನೋ ಸೊಸೆಯನ್ನೋ ಹೆರಿಗೆಗೆ ಕರೆದೊಯ್ದಾಗ ಒಂದು ಮಾತು ಕೇಳಿ: "ಸಿಸ್ಟರ್, ರಕ್ತ ಅಳೆಯೋ ಹಾಳೆ ಇದೆಯಾ?" ಅವರ ಮೇಲೆ ರೇಗಬೇಡಿ, ತರಿಸಿಕೊಡಬೇಕಾದವರು ಬೇರೆ ಇದ್ದಾರೆ. ಮೊನ್ನೆ ಅದೇ ಆಸ್ಪತ್ರೆಗೆ ಹೋಗಿ ನಾನೂ ಕೇಳಿದೆ.

"ಟ್ರೈನಿಂಗಲ್ಲಿ ನೋಡಿದೀನಿ ಸಾರ್, ಇಲ್ಲಿಗೆ ಬಂದಿಲ್ಲ" ಅಂದರು ಸಿಸ್ಟರ್. ಈ ಸಲ ಸುದ್ದಿ ಅದರ ಬಗ್ಗೆ ಕಳಿಸಿದ್ದೇನೆ.