ಕೊನೆಯ ತಿರುವಿನ ಐನೂರು ಅಡಿ: ಹವ್ಯಾಸಿ ಪೈಲಟ್‌ಗಳಿಗೂ ಅವರ ಮನೆಯವರಿಗೂ ಒಂದು ಮನವಿ

ಲಘು ವಿಮಾನಗಳನ್ನು ಹವ್ಯಾಸಕ್ಕಾಗಿ ಹಾರಿಸುವವರೂ, ಜಕ್ಕೂರಿನಿಂದ ಹಿಡಿದು ಅಮೆರಿಕದ ಫ್ಲಾರಿಡಾ, ಅರಿಜೋನಾಗಳವರೆಗಿನ ಶಾಲೆಗಳಲ್ಲಿ ಪೈಲಟ್ ಲೈಸೆನ್ಸಿಗಾಗಿ ಕಲಿಯುತ್ತಿರುವ ಕನ್ನಡದ ಯುವಜನರೂ, ಅವರ ಶುಲ್ಕಕ್ಕೆ ಸಾಲವನ್ನೋ ಜಮೀನು ಮಾರಿದ ಹಣವನ್ನೋ ಹೊಂದಿಸುವ ತಂದೆತಾಯಿಗಳೂ ತರಬೇತಿಯ ಒಂದು ಭಾಗವನ್ನು ಈಗಿರುವುದಕ್ಕಿಂತ ಹೆಚ್ಚು ಗಂಭೀರವಾಗಿ ನೋಡಬೇಕೆಂಬುದು ಈ ಬರಹದ ವಿನಂತಿ. ಸ್ಟಾಲ್ ಮತ್ತು ಸ್ಪಿನ್ ಎಂದು ಕರೆಯಲಾಗುವ ಆ ಭಾಗ ಪಠ್ಯಕ್ರಮಗಳಲ್ಲಿ ಇದ್ದೇ ಇದೆ. ಆದರೆ ಪರೀಕ್ಷಕರ ಮುಂದೆ ಮಾಡಿ ತೋರಿಸುವಷ್ಟಕ್ಕೆ ಅದನ್ನು ಕಲಿತು ಮುಂದೆ ಸಾಗುವ ರೂಢಿ ಬೆಳೆದಿರುವುದೇ ಕಳವಳದ ಸಂಗತಿ.

ವಿಮಾನದ ರೆಕ್ಕೆ ಎದುರಿನಿಂದ ಬರುವ ಗಾಳಿಯನ್ನು ಸಂಧಿಸುವ ಕೋನಕ್ಕೆ ಆಂಗಲ್ ಆಫ್ ಅಟ್ಯಾಕ್ ಎಂದು ಹೆಸರು. ಈ ಕೋನ ಹೆಚ್ಚಿದಂತೆ ರೆಕ್ಕೆಯ ಎತ್ತುವ ಬಲವೂ ಹೆಚ್ಚುತ್ತ ಹೋಗುತ್ತದೆ. ಆದರೆ ಸಾಮಾನ್ಯ ಲಘು ವಿಮಾನಗಳಲ್ಲಿ ಸುಮಾರು 15ರಿಂದ 18 ಡಿಗ್ರಿಯ ಆಸುಪಾಸಿನಲ್ಲಿರುವ ಮಿತಿಯನ್ನು ದಾಟಿದ ಕೂಡಲೇ, ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡಂತೆ ಹರಿಯುತ್ತಿದ್ದ ಗಾಳಿ ಅಲ್ಲಿಂದ ಕಳಚಿಕೊಂಡು ಚದುರಿ ಆ ಬಲ ಕುಸಿಯುತ್ತದೆ. ಇದೇ ಸ್ಟಾಲ್. ಎಂಜಿನ್ ಪೂರ್ಣ ಶಕ್ತಿಯಲ್ಲಿ ಓಡುತ್ತಿದ್ದರೂ, ವಿಮಾನದ ಮೂಗು ನೆಲದತ್ತ ಬಾಗಿದ್ದರೂ ಇದು ಸಂಭವಿಸಬಹುದು. ಕೈಪಿಡಿಯಲ್ಲಿ ಅಚ್ಚಾಗಿರುವ ಸ್ಟಾಲ್ ವೇಗ ನೇರವಾಗಿ, ಸಮತಟ್ಟಾಗಿ ಹಾರುವಾಗಿನ ಲೆಕ್ಕವೇ ಹೊರತು ಎಲ್ಲ ಸಂದರ್ಭಗಳಿಗೂ ಅನ್ವಯಿಸುವ ಗಡಿಯಲ್ಲ. ಎತ್ತರ ಕಳೆದುಕೊಳ್ಳದೆ 45 ಡಿಗ್ರಿ ವಾಲಿ ತಿರುಗುವ ವಿಮಾನದ ಸ್ಟಾಲ್ ವೇಗ ಶೇಕಡಾ 19ರಷ್ಟು ಏರುತ್ತದೆ, 60 ಡಿಗ್ರಿ ವಾಲಿದರೆ ಶೇಕಡಾ 41ರಷ್ಟು. ಅಂದರೆ 50 ನಾಟ್‌ಗಳೆಂದು ಬಾಯಿಪಾಠ ಮಾಡಿಕೊಂಡವರ ವಿಮಾನ 70 ನಾಟ್‌ಗಳಲ್ಲಿಯೇ ಕೈಕೊಡಬಹುದು. ಹೀಗೆ ಸ್ಟಾಲ್ ಆಗುವ ಹೊತ್ತಿನಲ್ಲಿ ಮೂಗು ಒಂದು ಪಕ್ಕಕ್ಕೆ ತಿರುಗುತ್ತಲೂ ಇದ್ದರೆ ಒಂದು ರೆಕ್ಕೆ ಇನ್ನೊಂದಕ್ಕಿಂತ ಹೆಚ್ಚು ಬಲ ಕಳೆದುಕೊಂಡು ಕೆಳಗಿಳಿಯುತ್ತದೆ, ಇಳಿದಷ್ಟೂ ಅದರ ಸ್ಥಿತಿ ಇನ್ನೂ ಹದಗೆಡುತ್ತದೆ. ಆ ಸುತ್ತಾಟ ತನ್ನನ್ನು ತಾನೇ ಪೋಷಿಸಿಕೊಳ್ಳುತ್ತ ವಿಮಾನವನ್ನು ತಿರುಪಿನಂತೆ ಸುತ್ತಿಸುತ್ತ ನೆಲದತ್ತ ಒಯ್ಯುವುದಕ್ಕೆ ಸ್ಪಿನ್ ಎನ್ನುತ್ತಾರೆ.

ಇದು ಎಲ್ಲಿ ಆಗುತ್ತದೆ ಎಂಬುದು ಹೇಗೆ ಆಗುತ್ತದೆ ಎಂಬುದಕ್ಕಿಂತ ಮುಖ್ಯ. ಇಳಿಯಲು ಬರುವ ಲಘು ವಿಮಾನ ಸಾಮಾನ್ಯವಾಗಿ ಸಾವಿರ ಅಡಿ ಎತ್ತರದಲ್ಲಿ ರನ್‌ವೇಗೆ ಸಮಾಂತರವಾಗಿ ಸಾಗಿ, ಬೇಸ್ ಎಂಬ ಅಡ್ಡ ಹಾದಿಗೆ ತಿರುಗಿ, ಅಲ್ಲಿಂದ ಇನ್ನೊಂದು ತಿರುವು ತೆಗೆದುಕೊಂಡು ರನ್‌ವೇಯ ನೇರಕ್ಕೆ, ಅಂದರೆ ಫೈನಲ್‌ಗೆ ಬರುತ್ತದೆ. ಈ ಕೊನೆಯ ತಿರುವಿನ ಹೊತ್ತಿಗೆ ಎತ್ತರ ಸುಮಾರು 500 ಅಡಿಗೆ ಇಳಿದಿರುತ್ತದೆ. ಬೇಸ್‌ನಲ್ಲಿ ಗಾಳಿ ಹಿಂದಿನಿಂದ ತಳ್ಳುತ್ತಿದ್ದರೆ ತಿರುವು ತಡವಾಗಿ ವಿಮಾನ ರನ್‌ವೇಯ ನೇರವನ್ನು ದಾಟಿ ಆಚೆಗೆ ಹೋಗುತ್ತದೆ. ನೆಲ ಹತ್ತಿರವಿದೆಯೆಂದು ಇನ್ನಷ್ಟು ವಾಲಿಸಲು ಅಳುಕುವ ಪೈಲಟ್ ಒಳಬದಿಯ ರಡ್ಡರ್ ಪೆಡಲನ್ನು ಒತ್ತಿ ಮೂಗನ್ನು ಬಲವಂತವಾಗಿ ರನ್‌ವೇಯತ್ತ ತಿರುಗಿಸಲು ನೋಡುತ್ತಾನೆ. ಹೊರಗಿನ ರೆಕ್ಕೆ ವೇಗವಾಗಿ ಚಲಿಸಿ ಮೇಲೇಳುವುದರಿಂದ ವಾಲುವಿಕೆ ಹೆಚ್ಚುತ್ತದೆ. ಅದನ್ನು ತಡೆಯಲು ಕಂಟ್ರೋಲನ್ನು ವಿರುದ್ಧ ದಿಕ್ಕಿಗೆ ತಿರುಗಿಸಿದಾಗ ಒಳ ರೆಕ್ಕೆಯ ಐಲೆರಾನ್, ಎಂದರೆ ತುದಿಯ ಹಿಂಬದಿಯ ಚಲಿಸುವ ಫಲಕ, ಕೆಳಗಿಳಿದು ಅದೇ ರೆಕ್ಕೆಯ ಕೋನವನ್ನು ಇನ್ನೂ ಹೆಚ್ಚಿಸುತ್ತದೆ. ಅಷ್ಟರಲ್ಲಿ ಮೂಗು ಬಾಗಿತೆಂದು ಕಂಟ್ರೋಲನ್ನು ಹಿಂದಕ್ಕೆಳೆಯುತ್ತಾನೆ. ಈ ನಾಲ್ಕು ಕ್ರಿಯೆಗಳಲ್ಲಿ ಒಂದೊಂದೂ ಆ ಕ್ಷಣಕ್ಕೆ ಸಹಜವಾಗಿಯೇ ತೋರುತ್ತದೆ, ನಾಲ್ಕೂ ಸೇರಿದರೆ ಸ್ಪಿನ್ನಿಗೆ ಬೇಕಾದುದೆಲ್ಲ ಒದಗಿದಂತಾಗುತ್ತದೆ. ಒಳ ರೆಕ್ಕೆ ಮೊದಲು ಸ್ಟಾಲ್ ಆಗಿ ವಿಮಾನ ಆ ಬದಿಗೆ ಮಗುಚುತ್ತದೆ. ತರಬೇತಿಗೆ ಲೋಕದಾದ್ಯಂತ ಬಳಕೆಯಲ್ಲಿರುವ ಸೆಸ್ನಾ 152ರಂಥ ಸಾಧು ವಿಮಾನ ಒಂದು ಸುತ್ತು ಸ್ಪಿನ್ನಾಗಿ ಚೇತರಿಸಿಕೊಳ್ಳುವುದಕ್ಕೇ ಸುಮಾರು ಸಾವಿರ ಅಡಿ ಬೇಕು. ಇರುವುದು ಅದರ ಅರ್ಧ.

ಸ್ಪಿನ್ನಿನಿಂದ ಹೊರಬರುವ ದಾರಿ ತಿಳಿದು ನೂರು ವರ್ಷಗಳ ಮೇಲಾಯಿತು. 1912ರ ಆಗಸ್ಟ್ 25ರಂದು ಇಂಗ್ಲೆಂಡಿನ ಸಾಲ್ಸ್‌ಬರಿ ಬಯಲಿನಲ್ಲಿ ಲೆಫ್ಟಿನೆಂಟ್ ವಿಲ್ಫ್ರೆಡ್ ಪಾರ್ಕ್ ಎಂಬ ನೌಕಾಪಡೆಯ ಅಧಿಕಾರಿ ಸುತ್ತುತ್ತ ಬೀಳುತ್ತಿದ್ದ ತನ್ನ ಆವ್ರೋ ವಿಮಾನದ ರಡ್ಡರನ್ನು ಸುತ್ತಿನ ವಿರುದ್ಧ ದಿಕ್ಕಿಗೆ ಒತ್ತಿ, ಜನರು ನೋಡುತ್ತಿದ್ದಂತೆಯೇ ನೆಲಕ್ಕೆ ತೀರ ಸಮೀಪದಲ್ಲಿ ಬದುಕಿಕೊಂಡನು. ಅಲ್ಲಿಂದ ಮುಂದೆ ಸ್ಪಿನ್ ಕಲಿಕೆಯ ಸಾಮಾನ್ಯ ಪಾಠವಾಯಿತು. ಆದರೆ ಆ ಪಾಠ ಕಲಿಸುವಾಗಲೇ ಸಾಯುವವರು ಹೆಚ್ಚಾದದ್ದನ್ನು ಕಂಡ ಅಮೆರಿಕದ ವಿಮಾನಯಾನ ಆಡಳಿತ 1949ರಲ್ಲಿ ಖಾಸಗಿ ಪೈಲಟ್ ಲೈಸೆನ್ಸಿಗೆ ಸ್ಪಿನ್ ಮಾಡಿ ತೋರಿಸುವ ನಿಯಮವನ್ನು ಕೈಬಿಟ್ಟು, ಸ್ಟಾಲನ್ನು ಗುರುತಿಸಿ ತಪ್ಪಿಸುವುದಕ್ಕೆ ಒತ್ತು ಕೊಟ್ಟಿತು. ಇಂದಿಗೂ ಅಲ್ಲಿ ಸ್ಪಿನ್ ತರಬೇತಿ ಕಡ್ಡಾಯವಾಗಿರುವುದು ಬೋಧಕರಾಗಲು ಹೊರಟವರಿಗೆ. ತಯಾರಕರೂ ಇದೇ ದಿಕ್ಕಿನಲ್ಲಿ ಯೋಚಿಸಿದರು: ಫ್ರೆಡ್ ವೈಕ್ ವಿನ್ಯಾಸಗೊಳಿಸಿದ ಎರ್‌ಕೂಪ್ 1940ರಲ್ಲೇ ಸ್ಪಿನ್ ಆಗಲಾರದ ವಿಮಾನವೆಂಬ ಮಾನ್ಯತೆ ಪಡೆಯಿತು, 1998ರಲ್ಲಿ ಪ್ರಮಾಣೀಕೃತವಾದ ಸಿರಸ್ ಎಸ್‌ಆರ್20 ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಚೂಟನ್ನು ಹೊತ್ತು ಬಂತು, ಸ್ಪಿನ್ ಆದರೆ ಆ ಪ್ಯಾರಾಚೂಟನ್ನೇ ಬಿಚ್ಚಬೇಕೆಂದು ಅದರ ಕೈಪಿಡಿ ಹೇಳುತ್ತದೆ.

1949ರ ತೀರ್ಮಾನದ ಅರ್ಧ ಸರಿ. ಐನೂರು ಅಡಿಯಲ್ಲಿ ಸ್ಪಿನ್ನಾದವರನ್ನು ಚೇತರಿಕೆಯ ಕೌಶಲ ಉಳಿಸಲಾರದಾದ್ದರಿಂದ ತಪ್ಪಿಸುವುದನ್ನೇ ಕಲಿಸಬೇಕೆಂಬ ವಾದಕ್ಕೆ ಎದುರು ಹೇಳುವುದು ಕಷ್ಟ. ಆದರೆ ಎಂದೂ ನೋಡದುದನ್ನು ಗುರುತಿಸುವುದು ಹೇಗೆ ಎಂಬ ಪ್ರಶ್ನೆಗೆ ಆ ತೀರ್ಮಾನದಲ್ಲಿ ಉತ್ತರವಿಲ್ಲ. ಶಾಲೆಗಳಲ್ಲಿ ಸ್ಟಾಲ್ ಅಭ್ಯಾಸವೆಂದರೆ ಸಾಕಷ್ಟು ಎತ್ತರದಲ್ಲಿ, ಮೊದಲೇ ಹೇಳಿ, ರೆಕ್ಕೆಗಳನ್ನು ಸಮವಾಗಿಟ್ಟುಕೊಂಡು, ನಿಧಾನವಾಗಿ ಮೂಗೆತ್ತಿ, ಎಚ್ಚರಿಕೆಯ ಹಾರ್ನ್ ಕೂಗಿದೊಡನೆ ಕಂಟ್ರೋಲನ್ನು ಮುಂದಕ್ಕೆ ಬಿಡುವುದು. ಮೇಲೆ ವಿವರಿಸಿದ ತಿರುವಿಗೂ ಈ ಶಾಂತ ಕಸರತ್ತಿಗೂ ಹೋಲಿಕೆ ಕಡಿಮೆ: ಅಲ್ಲಿ ಪೈಲಟ್‌ನ ಕಣ್ಣು ರನ್‌ವೇ ಮೇಲಿರುತ್ತದೆ, ಮನಸ್ಸು ಗಾಳಿಯ ಮೇಲಿರುತ್ತದೆ, ಕಾಲು ತನಗೆ ತಿಳಿಯದಂತೆಯೇ ಪೆಡಲ್ ಒತ್ತಿರುತ್ತದೆ. ಅನುಭವವಿಲ್ಲದವರು ಕಿಟಕಿಯ ತುಂಬ ನೆಲವೇ ಕಂಡಾಗ ಕಂಟ್ರೋಲನ್ನು ಎದೆಗೆಳೆದುಕೊಳ್ಳುತ್ತಾರೆ; ಮಾಡಬೇಕಾದುದು ಅದಕ್ಕೆ ತೀರ ವಿರುದ್ಧ. ಥ್ರಾಟಲನ್ನು ಪೂರ್ತಿ ಹಿಂದಕ್ಕೆ ತಂದು, ಐಲೆರಾನ್‌ಗಳನ್ನು ನಡುವಿಗೆ ತಂದು, ಸುತ್ತಿನ ವಿರುದ್ಧ ದಿಕ್ಕಿನ ರಡ್ಡರನ್ನು ಪೂರ್ತಿ ಒತ್ತಿ, ಕಂಟ್ರೋಲನ್ನು ಮುಂದಕ್ಕೆ ತಳ್ಳಿ, ಸುತ್ತು ನಿಂತ ಮೇಲೆ ರಡ್ಡರನ್ನು ನಡುವಿಗೆ ತಂದು ಮೆಲ್ಲಗೆ ಮೇಲೇಳಬೇಕೆಂಬ ಈ ಕ್ರಮ ಬಹುತೇಕ ಲಘು ವಿಮಾನಗಳಿಗೆ ಹೊಂದುವಂಥದಾದರೂ, ಕೊನೆಯ ಮಾತು ಆಯಾ ವಿಮಾನದ ಕೈಪಿಡಿಯದೇ. ಅರಿತ ಬೋಧಕರ ಜೊತೆಯಲ್ಲಿ ಒಮ್ಮೆಯಾದರೂ ಸ್ಪಿನ್ನನ್ನು ಕಂಡವರಿಗೆ ಅದರ ಮೊದಲ ಲಕ್ಷಣಗಳು, ಸಡಿಲವಾಗುವ ಕಂಟ್ರೋಲ್, ಪಕ್ಕಕ್ಕೆ ಜಾರುವ ದೇಹ, ಅದುರುವ ರೆಕ್ಕೆ, ಓದಿ ತಿಳಿದವರಿಗಿಂತ ಬೇಗ ಗೊತ್ತಾಗುತ್ತವೆ. ಚೇತರಿಕೆಗಿಂತ ಈ ಗುರುತಿಗಾಗಿಯೇ ಆ ತರಬೇತಿ ಬೇಕು. ಯುರೋಪಿನಲ್ಲಿ 2019ರಿಂದ ದೊಡ್ಡ ವಿಮಾನಗಳಿಗೆ ಹೋಗುವ ಪೈಲಟ್‌ಗಳು ಹತೋಟಿ ತಪ್ಪುವುದನ್ನು ತಡೆದು ಚೇತರಿಸಿಕೊಳ್ಳುವ ತರಬೇತಿಗಾಗಿ ಕನಿಷ್ಠ ಮೂರು ಗಂಟೆ ನಿಜವಾದ ವಿಮಾನದಲ್ಲೇ ಹಾರಬೇಕೆಂಬ ನಿಯಮವಿದೆ. ಸಹಪೈಲಟ್‌ನ ನೆರವೂ ಕಂಪ್ಯೂಟರಿನ ಕಾವಲೂ ಇರುವವರಿಗೆ ಅದು ಬೇಕಾದರೆ, ಒಬ್ಬರೇ ಹಾರುವ ಹವ್ಯಾಸಿಗಳಿಗೆ ಬೇಡವೆಂಬುದು ವಿಚಿತ್ರ.

ಇದನ್ನು ಯಾರೂ ತಾವಾಗಿಯೇ ಪ್ರಯೋಗಿಸಬಾರದೆಂಬುದನ್ನು ಒತ್ತಿ ಹೇಳಲೇಬೇಕು. ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ಎಚ್‌ಜೆಟಿ-36 ಸಿತಾರಾ ತರಬೇತಿ ಜೆಟ್ 2003ರಲ್ಲಿ ಮೊದಲ ಬಾರಿ ಹಾರಿದರೂ ಸ್ಟಾಲ್ ಮತ್ತು ಸ್ಪಿನ್ನಿನ ತೊಡಕಿನಿಂದಲೇ ವರ್ಷಗಟ್ಟಲೆ ನಿಂತುಹೋಗಿ, ಲಂಬವಾದ ಬಾಲವನ್ನು ಹಿಂದಕ್ಕೆ ಸರಿಸಿ ರಡ್ಡರನ್ನು ವಿಸ್ತರಿಸಿದ ಬಳಿಕವಷ್ಟೇ, ಎಡಕ್ಕೂ ಬಲಕ್ಕೂ ಆರಾರು ಸುತ್ತಿನ ಸ್ಪಿನ್ ಮಾಡಿ ಹೊರಬರಬಲ್ಲುದೆಂದು 2022ರಲ್ಲಿ ಸಂಸ್ಥೆ ಪ್ರಕಟಿಸಿತು. ಪರಿಣತ ಎಂಜಿನಿಯರರಿಗೇ ಇಷ್ಟು ಕಾಲ ಹಿಡಿದ ವಿಷಯದಲ್ಲಿ ವಾರಾಂತ್ಯದ ಸಾಹಸಕ್ಕೆ ಎಡೆಯಿಲ್ಲ. ಸ್ಪಿನ್ನಿಗೆ ಒಪ್ಪಿಗೆಯಿರುವ ವಿಮಾನದಲ್ಲೂ ಷರತ್ತುಗಳಿವೆ: ಸೆಸ್ನಾ 172ರಲ್ಲಿ ಹಿಂದಿನ ಆಸನ ಮತ್ತು ಸಾಮಾನಿನ ಜಾಗ ಖಾಲಿಯಿರುವ, ತೂಕ ಮಿತಿಯಲ್ಲಿರುವ ಸ್ಥಿತಿಯಲ್ಲಿ ಮಾತ್ರ ಅದಕ್ಕೆ ಅನುಮತಿ. ತೂಕ ಹಿಂದಕ್ಕೆ ಸರಿದಷ್ಟೂ ಸುತ್ತು ಚಪ್ಪಟೆಯಾಗಿ, ರಡ್ಡರಿಗೆ ಬಗ್ಗದಂತಾಗುವುದೇ ಇದಕ್ಕೆ ಕಾರಣ. ಇಬ್ಬರೇ ಕುಳಿತು ಕಲಿತ ವಿಮಾನವೇ ನಾಲ್ವರು ಮನೆಮಂದಿಯನ್ನೂ ಅವರ ಚೀಲಗಳನ್ನೂ ಹೊತ್ತಾಗ ಬೇರೆ ಸ್ವಭಾವದ್ದಾಗುತ್ತದೆಂಬುದನ್ನು ಲೈಸೆನ್ಸ್ ಸಿಕ್ಕ ಹೊಸತರಲ್ಲಿ ಮರೆಯುವವರೇ ಹೆಚ್ಚು.

ಆದುದರಿಂದ ಕಲಿಯುವವರಲ್ಲಿ ವಿನಂತಿಯೇನೆಂದರೆ, ಶುಲ್ಕ ಕಟ್ಟುವ ಮೊದಲು ಬೋಧಕರು ಸ್ವತಃ ಸ್ಪಿನ್ ಮಾಡಿದ್ದಾರೆಯೇ, ತಿರುಗುತ್ತಿರುವಾಗಿನ ಸ್ಟಾಲನ್ನು ಹಾಗೂ ಕಂಟ್ರೋಲ್‌ಗಳು ಪರಸ್ಪರ ವಿರುದ್ಧವಾಗಿರುವಾಗಿನ ಸ್ಟಾಲನ್ನು ಸುರಕ್ಷಿತ ಎತ್ತರದಲ್ಲಿ ತೋರಿಸುತ್ತಾರೆಯೇ, ಸ್ಪಿನ್ನಿಗೆ ಒಪ್ಪಿಗೆಯಿರುವ ವಿಮಾನ ಲಭ್ಯವಿದೆಯೇ ಎಂದು ಸಂಕೋಚವಿಲ್ಲದೆ ಕೇಳಬೇಕು. ತಂದೆತಾಯಿಗಳು ಹಾರಾಟದ ಗಂಟೆಗಳ ಲೆಕ್ಕದ ಜೊತೆಗೆ ಈ ಉತ್ತರಗಳನ್ನೂ ಕೇಳಿ ತಿಳಿಯಬೇಕು. ಶಾಲೆಗಳವರು ಫೈನಲ್‌ನ ನೇರ ತಪ್ಪಿದರೆ ಮತ್ತೆ ಮೇಲೇರಿ ಇನ್ನೊಂದು ಸುತ್ತು ಬರುವುದನ್ನು ಸೋಲೆಂದು ಎಣಿಸದ ವಾತಾವರಣ ಬೆಳೆಸಬೇಕು. ರೆಕ್ಕೆಯ ಕೋನವನ್ನು ನೇರವಾಗಿ ತೋರಿಸುವ ಸಾಧನಗಳನ್ನು ಲಘು ವಿಮಾನಗಳಲ್ಲಿ ಅಳವಡಿಸುವುದನ್ನು ಅಮೆರಿಕ 2014ರಲ್ಲೇ ಸುಲಭಗೊಳಿಸಿದೆ; ಕೊಳ್ಳುವ ಶಕ್ತಿಯುಳ್ಳ ಕ್ಲಬ್‌ಗಳು ಅದಕ್ಕೆ ಹಣ ತೆಗೆದಿಡುವುದು ಹೊಸ ಬಣ್ಣ ಬಳಿಸುವುದಕ್ಕಿಂತ ಮೇಲು.

ಮನೆಯವರಲ್ಲಿ ಇನ್ನೊಂದು ಕೋರಿಕೆಯಿದೆ. ಅಲಾಸ್ಕಾದ ಪೈಲಟ್‌ಗಳ ನಡುವೆ ಮೂಸ್ ಸ್ಟಾಲ್ ಎಂಬ ಮಾತು ಚಾಲ್ತಿಯಲ್ಲಿದೆ. ಕೆಳಗೆ ಕಂಡ ಮೂಸ್ ಎಂಬ ದೊಡ್ಡ ಜಿಂಕೆಯನ್ನು ನೋಡುತ್ತ ಕಡಿಮೆ ಎತ್ತರದಲ್ಲಿ ಸುತ್ತು ಬಿಗಿಮಾಡುತ್ತ ಹೋಗಿ ಸ್ಟಾಲ್ ಆಗುವುದಕ್ಕೆ ಅಲ್ಲಿಯವರು ಇಟ್ಟ ಹೆಸರು ಅದು. ನಮ್ಮ ಕಡೆ ಆ ಜಿಂಕೆಯ ಜಾಗದಲ್ಲಿ ತಾರಸಿಯ ಮೇಲೆ ನಿಂತು ಕೈಬೀಸುವ ಬಂಧುಗಳು, ಫೋನ್ ಹಿಡಿದ ಗೆಳೆಯರು ಇರುತ್ತಾರೆ. ಹಾರಲು ಕಲಿತ ಮಗನನ್ನೋ ಮಗಳನ್ನೋ ಮನೆಯ ಮೇಲೆ, ತೋಟದ ಮೇಲೆ ಕೆಳಗಿಳಿದು ಒಂದು ಸುತ್ತು ಹಾಕಿ ಹೋಗೆಂದು ಯಾರೂ ಕೇಳದಿರಲಿ. ಕೇಳಿದರೂ ಆಗುವುದಿಲ್ಲವೆಂದು ಹೇಳುವ ಮಕ್ಕಳ ಮೇಲೆ ಮುನಿಸಿಕೊಳ್ಳದಿರಲಿ.