ಉದ್ಯಾನ ಯಾರ ದುಡ್ಡಿನದು, ನೆರಳು ಯಾರದು?

ಟಿನ್ ಫ್ಯಾಕ್ಟರಿಯಿಂದ ಹಳೆ ಮದ್ರಾಸ್ ರಸ್ತೆಯಲ್ಲಿ ಬೈಯಪ್ಪನಹಳ್ಳಿ ಕಡೆಗೆ ಹೋದರೆ ಎನ್‌ಜಿಇಎಫ್ ಕಾಂಪೌಂಡ್ ಸಿಗುತ್ತದೆ. 2002ರಲ್ಲಿ ಬಾಗಿಲು ಮುಚ್ಚಿದ ಈ ಸರ್ಕಾರಿ ಕಾರ್ಖಾನೆಯ ಆವರಣದಲ್ಲಿ ಮರಗಳು ಸೊಂಪಾಗಿ ಬೆಳೆದಿವೆ. ಅಲ್ಲಿ ವೃಕ್ಷೋದ್ಯಾನ ಮಾಡುವುದಾಗಿ ರಾಜ್ಯ ಸರ್ಕಾರ ಹೇಳಿದೆ. ಒಳ್ಳೆಯ ಮಾತು. ಆದರೆ ಅದು ಎಂಥ ಉದ್ಯಾನವಾಗಬೇಕು ಎಂದು ನಾವು ಈಗಲೇ ಕೇಳಬೇಕು. ಏಕೆಂದರೆ ಉದ್ಯಾನದ ರೂಪ ನಿರ್ಧಾರವಾಗುವುದು ಹಣ ಹಾಕುವವರಿಂದ, ಅವರ ಅಭಿರುಚಿಯಿಂದ.

ಚೀನಾದ ಸುಝೌ ನಗರದ ಪ್ರಸಿದ್ಧ ತೋಟಗಳನ್ನೇ ನೋಡಿ. ಅದು ರೇಷ್ಮೆ, ಭತ್ತದಿಂದ ಸಿರಿವಂತವಾದ ಸೀಮೆ. ಸ್ಪರ್ಧಾತ್ಮಕ ಪರೀಕ್ಷೆ ಬರೆದು ಅಧಿಕಾರಿಗಳಾದವರು ಹುದ್ದೆ ಬಿಟ್ಟ ಮೇಲೆ ಅಲ್ಲಿ ತೋಟ ಕಟ್ಟಿಸುತ್ತಿದ್ದರು. 16ನೇ ಶತಮಾನದ ಆರಂಭದಲ್ಲಿ ವಾಂಗ್ ಷಿಯಾನ್‌ಚೆನ್ ಕಟ್ಟಿಸಿದ ತೋಟ ಇಂದಿಗೂ ಇದೆ. ಮೊದಲು ಅದರಲ್ಲಿ ಹಣ್ಣಿನ ಮರಗಳೂ ಇದ್ದವು. ಕಾಲ ಕಳೆದಂತೆ ಇಂಥ ತೋಟಗಳಲ್ಲಿ ಫಲಕ್ಕಿಂತ ತೈಹು ಸರೋವರದ ದುಬಾರಿ ಕಲ್ಲುಗಳೇ ಪ್ರತಿಷ್ಠೆಯಾದವು. ಯಾಂಗ್‌ಝೌ ಊರಿನ ಉಪ್ಪಿನ ವ್ಯಾಪಾರಿ ಹುವಾಂಗ್ ಝಿಯುನ್ 1818ರಲ್ಲಿ ಬಿದಿರಿನ ತೋಟ ಮಾಡಿಸಿದ. ಚೀನಾದಲ್ಲಿ ಬಿದಿರು ವಿದ್ವಾಂಸರ ಸಜ್ಜನಿಕೆಯ ಗುರುತು. ದುಡ್ಡು ವ್ಯಾಪಾರದ್ದು, ಅಭಿರುಚಿ ಪಂಡಿತರದ್ದು. ಎಲ್ಲವೂ ಎತ್ತರದ ಗೋಡೆಯೊಳಗೆ.

ನಮ್ಮ ಲಾಲ್‌ಬಾಗ್ ಕೂಡ ಹೀಗೆಯೇ ಬದಲಾಯಿತು. 1760ರಲ್ಲಿ ಹೈದರ್ ಅಲಿ ಆರಂಭಿಸಿದಾಗ ಅದು ಅರಸರ ತೋಟ. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾದ ಮೇಲೆ ಲಾಭ ತರಬಲ್ಲ ಹೊರದೇಶದ ಬೆಳೆಗಳನ್ನು ಅಲ್ಲಿ ಬೆಳೆಸಿ ನೋಡಿದರು. ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು. ಫಲಪುಷ್ಪ ಪ್ರದರ್ಶನಕ್ಕೆ ನೆಲೆ ಸಿಕ್ಕಿತು.

ಎನ್‌ಜಿಇಎಫ್ ಜಾಗ ಅರಸರದ್ದಲ್ಲ, ವ್ಯಾಪಾರಿಯದ್ದೂ ಅಲ್ಲ. ಅದು ಜನರ ಆಸ್ತಿ. ಹಾಗಾದರೆ ಅಭಿರುಚಿಯೂ ಜನರದ್ದಾಗಬೇಕಲ್ಲವೇ? ಕೋಲಾರ, ಹೊಸಕೋಟೆ ಕಡೆಯಿಂದ ಬಂದು ಟಿನ್ ಫ್ಯಾಕ್ಟರಿಯಲ್ಲಿ ಬಸ್ ಬದಲಿಸುವ ಕಾರ್ಮಿಕರಿಗೆ, ವಿದ್ಯಾರ್ಥಿಗಳಿಗೆ, ಎರಡು ಸಂದರ್ಶನಗಳ ನಡುವೆ ಹೊತ್ತು ಕಳೆಯಬೇಕಾದ ಉದ್ಯೋಗಾಕಾಂಕ್ಷಿಗಳಿಗೆ ಬೇಕಾದುದು ಸಂಗೀತ ಕಾರಂಜಿಯಲ್ಲ. ನೆರಳು, ಕುಡಿಯುವ ನೀರು, ಶೌಚಾಲಯ, ಕೂತು ಓದಲು ಬೆಂಚು, ಮೆಟ್ರೊ ಮತ್ತು ಬಸ್ ಇಳಿಯುವ ಕಡೆಗೇ ಒಂದು ಗೇಟು. ಇರುವ ಮರಗಳನ್ನು ಉಳಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಟಿಕೆಟ್ ಇಡದಿದ್ದರೆ ನಿರ್ವಹಣೆ ಹೇಗೆ ಎಂದು ಕೆಲವರು ಕೇಳಬಹುದು. ಕಬ್ಬನ್ ಪಾರ್ಕಿಗೆ ಪ್ರವೇಶ ಶುಲ್ಕವಿಲ್ಲ. ಪೂರ್ವ ಬೆಂಗಳೂರಿನವರೂ ತೆರಿಗೆ ಕಟ್ಟುವವರೇ.

ನಕ್ಷೆ ಅಂತಿಮವಾದ ಮೇಲೆ ದೂರಿ ಪ್ರಯೋಜನವಿಲ್ಲ. ಅದನ್ನು ಮೊದಲೇ ಜನರ ಮುಂದಿಡಿ ಎಂದು ನಾವು ಕೇಳಬೇಕು. ಸಲಹೆ, ಆಕ್ಷೇಪಣೆಗಳನ್ನು ಲಿಖಿತವಾಗಿ ಕೊಡಬೇಕು. ಸುಮ್ಮನಿದ್ದರೆ ಇಲ್ಲಿಯೂ ಬೇರೆಯವರ ಅಭಿರುಚಿಯ ತೋಟ ಎದ್ದೀತು. ನಾವು ಮಾತ್ರ ಕಾಂಪೌಂಡಿನ ಹೊರಗೆ ಬಿಸಿಲಿನಲ್ಲೇ ನಿಂತಿರುತ್ತೇವೆ.