ತಾರಸಿಗೆ ಇನ್ನೊಂದು ಪದರ ಕಾಂಕ್ರೀಟ್ ಹಾಕಿಸಿದರೆ ಬಲ ದುಪ್ಪಟ್ಟಾಗುತ್ತದೆಯೇ?

"ಹಳೇ ಮೋಲ್ಡ್ ಮೇಲೆ ಮೂರಿಂಚು ಹೊಸ ಕಾಂಕ್ರೀಟ್ ಹಾಕಿಸಿ, ಆಮೇಲೆ ಧೈರ್ಯವಾಗಿ ಮೇಲೊಂದು ರೂಮು ಕಟ್ಟಿ." ಇಂಥ ಸಲಹೆ ಕೆಲವು ಮೇಸ್ತ್ರಿಗಳ ಬಾಯಲ್ಲೂ ಕೇಳುತ್ತದೆ, ವಾಟ್ಸಾಪ್ ಗುಂಪುಗಳಲ್ಲೂ ಸುತ್ತುತ್ತದೆ. ದಪ್ಪ ಹೆಚ್ಚಾದರೆ ಬಲವೂ ಹೆಚ್ಚು ಎಂಬುದು ನಂಬುವಂಥ ಮಾತೇ. ಆದರೆ ಹಳೆಯ ಪದರ ಮತ್ತು ಹೊಸ ಪದರ ಒಂದನ್ನೊಂದು ಎಷ್ಟು ಬಿಗಿಯಾಗಿ ಹಿಡಿದಿವೆ ಎಂಬುದನ್ನು ಯಾರೂ ಕೇಳುವುದಿಲ್ಲ. ಇಡೀ ಲೆಕ್ಕ ನಿಂತಿರುವುದೇ ಅದರ ಮೇಲೆ.

ಮಕ್ಕಳ ಎರಡು ಮರದ ಸ್ಕೇಲ್ ತೆಗೆದುಕೊಂಡು ಒಂದರ ಮೇಲೊಂದಿಟ್ಟು ಬಗ್ಗಿಸಿ ನೋಡಿ. ಸುಲಭವಾಗಿ ಬಾಗುತ್ತವೆ, ಜೊತೆಗೆ ತುದಿಗಳು ಸ್ವಲ್ಪ ಹಿಂದುಮುಂದಾಗುತ್ತವೆ. ಏಕೆಂದರೆ ಬಾಗುವಾಗ ಪ್ರತಿ ಸ್ಕೇಲಿನ ಮೇಲ್ಮೈ ಕುಗ್ಗುತ್ತದೆ, ಕೆಳಮೈ ಹಿಗ್ಗುತ್ತದೆ. ಮೇಲಿನ ಸ್ಕೇಲಿನ ಹಿಗ್ಗುವ ಮೈ ಕೆಳಗಿನ ಸ್ಕೇಲಿನ ಕುಗ್ಗುವ ಮೈಗೆ ತಾಗಿದೆ, ಹಾಗಾಗಿ ಜಾರಲೇಬೇಕು. ಈಗ ಎರಡನ್ನೂ ಪೂರ್ತಿ ಅಂಟು ಹಚ್ಚಿ ಒಣಗಿಸಿ ಬಗ್ಗಿಸಿ. ಅದೇ ಮರ, ಅದೇ ದಪ್ಪ, ಆದರೆ ಕೈಗೆ ಬೇರೆಯೇ ಅನುಭವ. ಒಂದು ಸ್ಕೇಲಿಗೆ ಹೋಲಿಸಿದರೆ ಬಿಡಿಯಾಗಿಟ್ಟ ಎರಡರ ಬಿಗುವು 2 ಪಟ್ಟು, ಅಂಟಿಸಿದ ಎರಡರದ್ದು 8 ಪಟ್ಟು. ಮುರಿಯದೆ ತಡೆಯುವ ಭಾರವೂ ಬಿಡಿಯಾಗಿದ್ದರೆ 2 ಪಟ್ಟು, ಅಂಟಿದ್ದರೆ 4 ಪಟ್ಟು.

ನಿಜವಾದ ಕಟ್ಟಡಗಳು ಈ ಎರಡರ ನಡುವೆ ಎಲ್ಲೋ ಇರುತ್ತವೆ. ಇದಕ್ಕೆ ಇಂದಿಗೂ ಬಳಕೆಯಲ್ಲಿರುವ ಗಣಿತವನ್ನು ಅಮೆರಿಕದ ನ್ಯೂಮಾರ್ಕ್, ಸೀಸ್ ಮತ್ತು ವೀಸ್ಟ್ 1951ರಲ್ಲಿ ಪ್ರಕಟಿಸಿದರು. ಉಕ್ಕಿನ ತೊಲೆ ಇಟ್ಟು ಕಟ್ಟುವ ಫ್ಲೈಓವರ್‌ನಲ್ಲಿ, ಕಾಂಕ್ರೀಟ್ ಸುರಿಯುವ ಮೊದಲು ತೊಲೆಯ ಮೇಲೆ ಅಣಬೆಯಾಕಾರದ ಗಿಡ್ಡ ಸರಳುಗಳು ಸಾಲಾಗಿ ನಿಂತಿರುವುದನ್ನು ನೀವು ನೋಡಿರಬಹುದು. ಮೇಲಿನ ಕಾಂಕ್ರೀಟ್ ತೊಲೆಯ ಮೇಲೆ ಜಾರದಂತೆ ಹಿಡಿಯುವುದೇ ಅವುಗಳ ಕೆಲಸ. ಉದ್ದಕ್ಕೂ ಸಮನಾಗಿ ಭಾರ ಬಿದ್ದರೆ ಜಾರುವಿಕೆ ನಟ್ಟನಡುವೆ ಇರುವುದಿಲ್ಲ, ತುದಿಗಳಲ್ಲಿ ಅತಿ ಹೆಚ್ಚು. (ನಡುವೆ ಬಾಗುವುದನ್ನು ಕಂಡವರಿಗೆ ಇದು ತಿರುಗುಮುರುಗು ಅನ್ನಿಸುತ್ತದೆ.) ಕಟ್ಟಡಗಳಲ್ಲಿ ಇಂಜಿನಿಯರ್‌ಗಳು ಬೇಕೆಂದೇ ಸರಳು ಕಡಿಮೆ ಹಾಕುವುದೂ ಉಂಟು. ಅರ್ಧದಷ್ಟು ಸರಳು ಹಾಕಿದರೂ ಅರ್ಧಕ್ಕಿಂತ ಹೆಚ್ಚು ಲಾಭ ಸಿಗುತ್ತದೆ. ಆದರೆ ಅದಕ್ಕೊಂದು ಮಿತಿಯಿದೆ: ಯುರೋಪಿನ ನಿಯಮದಂತೆ ಸಾಮಾನ್ಯವಾಗಿ ಪೂರ್ಣ ಜೋಡಣೆಯ ಶೇ. 40ಕ್ಕಿಂತ ಕೆಳಗಿಳಿಯುವಂತಿಲ್ಲ.

ಈಗ ನಮ್ಮ ತಾರಸಿಗೆ ಬನ್ನಿ. ಅಲ್ಲಿ ಇಂಥ ಸರಳುಗಳಿಲ್ಲ. ಹಳೇ ಗಾರೆ, ಪಾಚಿ, ಧೂಳು, ವಾಟರ್‌ಪ್ರೂಫ್ ಬಣ್ಣ ಇವುಗಳ ಮೇಲೆಯೇ ಕಾಂಕ್ರೀಟ್ ಸುರಿದರೆ ಹೊಸ ಪದರ ಅಂಟದ ಸ್ಕೇಲಿನಂತೆ ಸುಮ್ಮನೆ ಕೂರುತ್ತದೆ. ಅದರೊಳಗೆ ಕಂಬಿ ಇಲ್ಲದಿದ್ದರೆ ಆ 2 ಪಟ್ಟೂ ಇಲ್ಲ. ಚೆನ್ನಾಗಿ ಅಂಟಿದರೂ ಮರದ 4 ಪಟ್ಟಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಮೋಲ್ಡಿನ ಕೆಳಭಾಗದ ಎಳೆತವನ್ನು ತಡೆಯುವುದು ಒಳಗಿನ ಕಂಬಿ. ಅದು ಮೊದಲೆಷ್ಟಿತ್ತೋ ಈಗಲೂ ಅಷ್ಟೇ.

ಭಾರ ಮಾತ್ರ ಖಂಡಿತ ಹೆಚ್ಚುತ್ತದೆ. 10x10 ಅಡಿಯ ಕೋಣೆಯ ಮೇಲೆ ಮೂರಿಂಚು ಕಾಂಕ್ರೀಟ್ ಎಂದರೆ ಸುಮಾರು 1,700 ಕೆ.ಜಿ., ಅಂದರೆ 34 ಮೂಟೆ ಸಿಮೆಂಟಿನ ತೂಕ. ಚದರ ಮೀಟರಿಗೆ 180 ಕೆ.ಜಿ.ಗೂ ಹೆಚ್ಚು. ಜನ ಓಡಾಡುವ ತಾರಸಿ ತಡೆಯಬೇಕಾದ ಬಳಕೆಯ ಭಾರ ಎಂದು ನಮ್ಮ ಐಎಸ್ 875 ಹೇಳುವುದು ಚದರ ಮೀಟರಿಗೆ ಸುಮಾರು 150 ಕೆ.ಜಿ. ಮಾತ್ರ. ಹೀಗೆ ರೂಮು ಕಟ್ಟುವ ಮುಂಚೆಯೇ ಆ ಪಾಲು ಮುಗಿದಿರುತ್ತದೆ. ಇನ್ನೊಂದು ವಿಷಯ: ಹಸಿ ಕಾಂಕ್ರೀಟಿಗೆ ಬಲವೇ ಇಲ್ಲ. ಕೆಳಗೆ ಆಸರೆ ಕೊಡದಿದ್ದರೆ ಅದರ ಪೂರ್ತಿ ತೂಕವನ್ನು ಹಳೇ ಮೋಲ್ಡ್ ಒಂದೇ ಹೊರಬೇಕು.

ಹಾಗಂತ ಇದು ಆಗದ ಕೆಲಸವಲ್ಲ. ಹಳೆಯ ಮೇಲ್ಮೈಯನ್ನು ಜಲ್ಲಿ ಕಾಣುವವರೆಗೆ ಕೆತ್ತಿ, ತೊಳೆದು, ತೂತು ಕೊರೆದು ಕಂಬಿಗಳನ್ನು ರಾಸಾಯನಿಕ ಅಂಟಿನಿಂದ ಕೂರಿಸಿ, ಕೆಳಗೆ ಆಸರೆ ಕೊಟ್ಟು ಮಾಡುವ ಕ್ರಮವಿದೆ. ಕಂಬ, ಪಾಯದ ಲೆಕ್ಕ ಬೇರೆಯೇ ಆಗಬೇಕು.

ಈಗಾಗಲೇ ಪದರ ಹಾಕಿಸಿದ್ದರೆ ಸಣ್ಣ ಸುತ್ತಿಗೆಯಿಂದ ಅಲ್ಲಲ್ಲಿ ಮೆಲ್ಲಗೆ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆ ಅದು ಬಿಟ್ಟುಕೊಂಡಿರುವ ಸಾಧ್ಯತೆ ಹೆಚ್ಚು. ಅಂಥ ಜಾಗಗಳು ಕಂಡರೆ ಹೊಸ ನೀರಿನ ಟ್ಯಾಂಕ್ ಕೂರಿಸುವ ಮೊದಲು ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರನ್ನು ಕರೆಸಿ ತೋರಿಸಿ. 1,000 ಲೀಟರಿನ ಟ್ಯಾಂಕ್ ತುಂಬಿದರೆ ಅದೇ ಒಂದು ಟನ್.